ಬಸ್ಸಲ್ಲಿ ಕಂಡಕ್ಟ್ರು, ಇಮಾನದಲ್ಲಿ ಅಮ್ಮಣ್ಣಿ: ಯಾರ ಮಾತು ನಡೀಬೇಕು?

ಶೀಳನೆರೆ: "ದುಡ್ಡು ಕೊಟ್ಟು ಕೂತಿದ್ದ ಸೀಟಿಂದ ನನ್ನ ಎಬ್ಬುಸ್ಬುಟ್ರು ಕನಪ್ಪ. ಕಳ್ಳನ್ನ ಎಬ್ಬುಸ್ದಂಗೆ ಎಬ್ಬುಸ್ಬುಟ್ರು. ಸುತ್ತ ಇದ್ದ ಅಷ್ಟೂ ಜನ ನನ್ನೇ ನೋಡ್ತಾವ್ರೆ. ಅವ್ಳು ಏನಂದ್ಲು ಅಂತ ನನಗೆ ಗೊತ್ತಿಲ್ಲ, ನಾನೇನಂದೆ ಅಂತ ಅವ್ಳಿಗೆ ಗೊತ್ತಿಲ್ಲ."

ಹೀಗೆ ಹೇಳಿದವರು ಶೀಳನೆರೆ ಹೋಬಳಿಯ ಒಬ್ಬ ಹಿರಿಯರು. ವಯಸ್ಸು ಎಪ್ಪತ್ತರ ಮೇಲೆ. ಕಬ್ಬು ಬೆಳೆದು, ಆಲೆಮನೆ ನಡೆಸಿ, ಈಗ ಮಕ್ಕಳಿಗೆ ಬಿಟ್ಟುಕೊಟ್ಟು ಕೂತಿರುವ ಜೀವ. ಹೆಸರು ಹಾಕಬೇಡಿ ಅಂದರು, ಹಾಕುವುದಿಲ್ಲ. ಹೇಳಿದ ಜಾಗ ಬಸ್ ನಿಲ್ಲುವ ಕಡೆಯ ಟೀ ಅಂಗಡಿ. ಕೇಳಿದವರು ಈ ವರದಿಗಾರನೂ ಸೇರಿ ಏಳೆಂಟು ಜನ. ಕೆ.ಆರ್. ಪೇಟೆ ಕಡೆಯ ಬಸ್ಸು ಎಂದಿನಂತೆ ತಡ.

ಸಂಗತಿ ಇಷ್ಟು. ಮೊಮ್ಮಗಳ ನಾಮಕರಣಕ್ಕೆ ಅಂತ ಹಿರಿಯರು ಬೆಂಗಳೂರಿನಿಂದ ದಿಲ್ಲಿಗೆ ವಿಮಾನದಲ್ಲಿ ಹೋದರು. ಹುಟ್ಟಿದ್ದಕ್ಕೆ ಮೊದಲ ಸಲ. ಮಾವನಿಗೆ ಮಂಡಿನೋವು, ಕಾಲು ಚಾಚಿಕೊಂಡು ಕೂರಲಿ ಎಂದು ಅಳಿಯ ಮೊಬೈಲಿನಲ್ಲೇ ಹೆಚ್ಚಿಗೆ ದುಡ್ಡು ಕಟ್ಟಿ ಅಗಲವಾದ ಜಾಗದ ಸೀಟು ಹಿಡಿದಿದ್ದಾನೆ. ಒಳ್ಳೆಯ ಅಳಿಯ. ಆದರೆ ಆ ಅಗಲವಾದ ಜಾಗ ಇರುವುದು ಎಲ್ಲಿ? ರೆಕ್ಕೆಯ ಮೇಲಿನ ಎಮರ್ಜೆನ್ಸಿ ಬಾಗಿಲ ಪಕ್ಕದ ಸಾಲಿನಲ್ಲಿ. ಹಿರಿಯರು ಹೋಗಿ ಕೂತರು. ಬಟ್ಟೆ ಚೀಲವನ್ನು ಎರಡು ಕಾಲ ನಡುವೆ ಇಟ್ಟುಕೊಂಡರು. ಅದರಲ್ಲಿ ಮಾತ್ರೆ, ಮಗಳಿಗೆ ಕೊಡಬೇಕಾದ ದುಡ್ಡು, ಒಂದು ಜೊತೆ ಬೆಳ್ಳಿ ಕಾಲ್ಗಡಗ.

ವಿಮಾನದ ಹುಡುಗಿ ಬಂದು ಹಿಂದಿಯಲ್ಲಿ ಏನೋ ಕೇಳಿದಳು. ಇವರು ನಕ್ಕು ತಲೆಯಾಡಿಸಿದರು. ಇಂಗ್ಲಿಷಿನಲ್ಲಿ ಕೇಳಿದಳು. ಮತ್ತೆ ತಲೆಯಾಡಿಸಿದರು. ಚೀಲ ಎತ್ತಿ ಮೇಲಿನ ಪೆಟ್ಟಿಗೆಗೆ ಹಾಕಿದಳು. ಇವರು ಎದ್ದು ಚೀಲ ಇಳಿಸಿಕೊಂಡರು. ಅವಳು ಮತ್ತೆ ಹಾಕಿದಳು, ಇವರು ಮತ್ತೆ ಇಳಿಸಿಕೊಂಡರು. ಧ್ವನಿ ಎರಡೂ ಕಡೆ ಏರಿತು. "ನನ್ ಚೀಲ ಮುಟ್ಬೇಡ" ಅಂತ ಇವರು ಕೈ ಅಡ್ಡ ಹಿಡಿದರು. ಇನ್ನೊಬ್ಬಳು ಬಂದಳು. ಕೊನೆಗೆ ಇವರನ್ನು ಅಲ್ಲಿಂದ ಎಬ್ಬಿಸಿ ಹಿಂದಿನ ಸಾಲಿನ ನಡುಸೀಟಿನಲ್ಲಿ, ಇಬ್ಬರ ಮಧ್ಯೆ ಕೂರಿಸಿದರು. ಎರಡೂಮುಕ್ಕಾಲು ಗಂಟೆ ಮಂಡಿ ಮಡಚಿಕೊಂಡು ಕೂತು ದಿಲ್ಲಿ ಸೇರಿದರು. ಊಟ ಕೊಟ್ಟರೆ ಬೇಡ ಅಂದರಂತೆ.

ಟೀ ಅಂಗಡಿ ಎರಡು ಪಕ್ಷ ಆಯಿತು. "ಕೇಸ್ ಹಾಕ್ಬೇಕು ಕನಣ್ಣೋ, ಗ್ರಾಹಕರ ಕೋರ್ಟಿಗೆ" ಅಂದವನೊಬ್ಬ. "ನಮ್ಮೋರಾದ್ರೆ ಹಿಂಗೆ ಮಾಡೋರಾ" ಅಂದವನೊಬ್ಬ. ಅಂಗಡಿಯವನು ಮಾತ್ರ ಲೋಟ ತೊಳೆಯುತ್ತಾ ತಟಸ್ಥ. ಗಿರಾಕಿ ಎರಡು ಪಕ್ಷದಲ್ಲೂ ಇದ್ದರಲ್ಲ.

ಆಗ ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತಿದ್ದ ಒಬ್ಬರು ಬಾಯಿ ಬಿಟ್ಟರು. ಖಾಕಿ ಅಂಗಿ, ಕೈಯಲ್ಲಿ ಕಂಡಕ್ಟರ್ ಚೀಲ. ಡ್ಯೂಟಿ ಮುಗಿಸಿ ಊರಿಗೆ ಹೊರಟವರು. "ಅಣ್ಣ, ಬೇಜಾರು ಮಾಡ್ಕಬೇಡಿ. ಆ ಹುಡುಗಿ ಮಾಡಿದ್ದು ಸರಿ."

ಎಲ್ಲರೂ ಆ ಕಡೆ ತಿರುಗಿದರು. ಕಂಡಕ್ಟ್ರು ಮತ್ತೇನು ಹೇಳುತ್ತಾರೆ, ಕಂಡಕ್ಟ್ರ ಪಕ್ಷ ಕಂಡಕ್ಟ್ರೇ ವಹಿಸೋದು ಅಂತ ಯಾರೋ ಗೊಣಗಿದರು. ಆದರೆ ಈ ಮಾತು ವರದಿಗಾರನ ತಲೆಯೊಳಗೆ ಕೂತಿತು. ಬಂದು ವಿಚಾರಿಸಿದ್ದನ್ನೆಲ್ಲ ಇಲ್ಲಿ ಬರೆದಿದೆ. ಈ ದಿನಗಳಲ್ಲಿ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಎಷ್ಟೋ ಮನೆಗಳ ಹುಡುಗರು ಪುಣೆ, ದಿಲ್ಲಿ, ದುಬೈ ಅಂತ ಹೋಗಿದ್ದಾರೆ. ಹಿರಿಯರು ಹಿಂದೆಯೇ ಹಾರುತ್ತಿದ್ದಾರೆ. ನಾಳೆ ನಮ್ಮ ಓದುಗರಲ್ಲಿ ಯಾರಿಗೆ ಈ ಸೀಟು ಸಿಗುತ್ತೋ ಯಾರು ಬಲ್ಲರು.

ಚೀಲ ಯಾಕೆ ಮೇಲೆ?

ವಿಮಾನ ನೆಲದಲ್ಲಿ ಹೊತ್ತಿಕೊಂಡಿತು ಅನ್ನಿ. ಎಲ್ಲರೂ ಹೊರಗೆ ಬರಬೇಕು. ಎಷ್ಟು ಹೊತ್ತಿನಲ್ಲಿ? 90 ಸೆಕೆಂಡ್. ಹೊಸ ನಮೂನೆಯ ವಿಮಾನಕ್ಕೆ ಪರವಾನಗಿ ಕೊಡುವ ಮೊದಲೇ, ಅರ್ಧ ಬಾಗಿಲು ಮುಚ್ಚಿಟ್ಟು, ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಿ ತೋರಿಸಬೇಕು ಎಂಬುದು ಲೋಕದಲ್ಲೆಲ್ಲ ಇರುವ ಕಟ್ಟಳೆ. ನಮ್ಮ ಸಂತೆ ದಿನದ ಬಸ್ಸಿನಲ್ಲಿ ಕೆಳಗಿಳಿಯಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿಕೊಳ್ಳಿ. ಆ ರೆಕ್ಕೆ ಪಕ್ಕದ ಬಾಗಿಲನ್ನು ತೆರೆಯುವವರು ವಿಮಾನದ ನೌಕರರಲ್ಲ, ಆ ಸಾಲಿನಲ್ಲಿ ಕೂತ ಪ್ರಯಾಣಿಕರು. ಈಗ ಹೆಚ್ಚಾಗಿ ಓಡುವ ಏರ್‌ಬಸ್ 320ರಲ್ಲಿ ಆ ಬಾಗಿಲನ್ನು ಕೈಯಾರೆ ಎತ್ತಿ ಹೊರಗೆ ಎಸೆಯಬೇಕು. 180 ಸೀಟಿನ ವಿಮಾನಕ್ಕೆ ಇರುವ ಗಗನಸಖಿಯರು ನಾಲ್ಕೇ ಜನ. ನಮ್ಮ ದೇಶದ ಲೆಕ್ಕ ಸುಮಾರಾಗಿ ಐವತ್ತು ಸೀಟಿಗೆ ಒಬ್ಬರು. ಅವರು ಮುಂದಿನ ಬಾಗಿಲು, ಹಿಂದಿನ ಬಾಗಿಲು ನೋಡಿಕೊಳ್ಳಬೇಕು. ನಡುವೆ ಇರುವವರು ಪ್ರಯಾಣಿಕರೇ.

ಅದಕ್ಕೇ ಆ ಸಾಲಿನಲ್ಲಿ ಕೂರುವವರಿಗೆ ಕೈಕಾಲು ಗಟ್ಟಿ ಇರಬೇಕು. ಮಕ್ಕಳು, ಬಸುರಿಯರು, ನೋವಿರುವವರು ಕೂರುವಂತಿಲ್ಲ. ಹೇಳಿದ ಮಾತು ಅರ್ಥವಾಗಬೇಕು. ಕಾಲ ಬಳಿ ಚೀಲ ಇರಬಾರದು, ಎಡವಿ ಒಬ್ಬ ಬಿದ್ದರೆ ಹಿಂದೆ ಇರುವ ಮೂವತ್ತು ಜನ ನಿಂತರು. ಅಂದರೆ ಮಂಡಿನೋವಿನ ಹಿರಿಯರಿಗೆ ಅಂತ ಅಳಿಯ ಹುಡುಕಿ ಹಿಡಿದದ್ದು, ಮಂಡಿನೋವಿದ್ದವರು ಕೂರಬಾರದ ಸೀಟು! ಮೊಬೈಲಿನಲ್ಲಿ "ಈ ಷರತ್ತು ಒಪ್ಪಿದ್ದೇನೆ" ಎಂಬ ಚೌಕಕ್ಕೆ ಟಿಕ್ ಹಾಕಿದ್ದೂ ಅಳಿಯನೇ. ಓದಿರಲಿಕ್ಕಿಲ್ಲ. ನಾವು ನೀವು ಓದುತ್ತೇವೆಯೇ?

ಕಿಟಕಿ ಪರದೆ ಎತ್ತಿ ಅನ್ನುವುದೂ ಹೀಗೆಯೇ. ಹೊರಗೆ ಯಾವ ಕಡೆ ಬೆಂಕಿ ಇದೆ ಅಂತ ಕಾಣಬೇಕು, ಆ ಕಡೆ ಬಾಗಿಲು ತೆಗೆಯಬಾರದು. ರಾತ್ರಿ ಇಳಿಯುವಾಗ ಒಳಗೆ ಲೈಟು ಕಮ್ಮಿ ಮಾಡುವುದು ಕಣ್ಣು ಕತ್ತಲೆಗೆ ಒಗ್ಗಿರಲಿ ಅಂತ. ಸೀಟು ನೆಟ್ಟಗೆ ಮಾಡಿ ಅನ್ನುವುದು ಹಿಂದಿನವನು ಎದ್ದು ಓಡಲು ದಾರಿ ಬೇಕು ಅಂತ. ಏರುವ ಮೊದಲ 3 ನಿಮಿಷ, ಇಳಿಯುವ ಕೊನೆಯ 8 ನಿಮಿಷ ಅಪಾಯದ ಹೊತ್ತು ಅಂತ ವಿಮಾನದವರ ಲೆಕ್ಕ. ಬೆಲ್ಟು ಮಾತ್ರ ಯಾವಾಗಲೂ ಬೇಕು. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಾಪುರಕ್ಕೆ ಹೊರಟಿದ್ದ ವಿಮಾನ ಗಾಳಿಯ ಗುಂಡಿಗೆ ಸಿಕ್ಕಿ ಎಗರಿದಾಗ ಬೆಲ್ಟು ಹಾಕದವರು ತಲೆ ಚಾವಣಿಗೆ ಹೊಡೆಸಿಕೊಂಡರು. 73 ವರ್ಷದ ಒಬ್ಬರು ತೀರಿಕೊಂಡರು.

ಮಂಗಳೂರನ್ನು ಯಾರು ಮರೆತಾರು? 2010ರ ಮೇ 22ರ ಬೆಳಿಗ್ಗೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದು ಹೊತ್ತಿಕೊಂಡಿತು. 166 ಜನರಲ್ಲಿ 158 ಜನ ಹೋದರು. ದಕ್ಷಿಣ ಕನ್ನಡದವರು, ಕಾಸರಗೋಡಿನವರು, ರಜೆಗೆ ಮನೆಗೆ ಬರುತ್ತಿದ್ದವರು. ಬದುಕಿದ 8 ಜನ ಒಡೆದ ಸಂದಿಯಿಂದ ಹೊರಬಿದ್ದವರು. ವಿಮಾನದ ನೌಕರರು ಆರು ಜನ, ಒಬ್ಬರೂ ಉಳಿಯಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು. 2024ರ ಜನವರಿ 2, ಟೋಕಿಯೋದ ಹನೇಡಾ ನಿಲ್ದಾಣ. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದು ಸಣ್ಣ ವಿಮಾನಕ್ಕೆ ಬಡಿದು ಉರಿಯಿತು. ಸಣ್ಣ ವಿಮಾನದಲ್ಲಿದ್ದ ಐವರು ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಜನರೂ, ಮಕ್ಕಳೂ ಸೇರಿ, ಜೀವಸಹಿತ ಹೊರಗೆ ಬಂದರು. ಗಗನಸಖಿಯರು ಕೂಗಿ ಹೇಳಿದಂತೆ ಬ್ಯಾಗುಗಳನ್ನು ಅಲ್ಲೇ ಬಿಟ್ಟು ಬಂದರು. ಲ್ಯಾಪ್‌ಟಾಪ್, ಪಾಸ್‌ಪೋರ್ಟ್, ಉಡುಗೊರೆ ಎಲ್ಲ ಬೂದಿ. ನಮ್ಮಲ್ಲಾಗಿದ್ದರೆ? ಈ ಪ್ರಶ್ನೆಗೆ ಟೀ ಅಂಗಡಿಯಲ್ಲಿ ಯಾರೂ ಉತ್ತರ ಹೇಳಲಿಲ್ಲ. ಹಿರಿಯರು ಮಾತ್ರ "ಕಾಲ್ಗಡಗ ಬುಟ್ಟು ಬರ್ತಿರ್ಲಿಲ್ಲ ಕನಪ್ಪ ನಾನು" ಅಂತ ನಿಜ ಒಪ್ಪಿಕೊಂಡರು.

ನೌಕರಳೋ, ಆಳೋ?

ಇನ್ನು ಎರಡನೆಯ ಸಂಗತಿ. ನಿಯಮ ಸರಿ, ಆದರೆ ಹೇಳುವವಳನ್ನು ಜನ ಏನೆಂದು ತಿಳಿದಿದ್ದಾರೆ? ನೀರು ಕೊಡುವವಳು, ಊಟ ಕೊಡುವವಳು, ನಗುವುದಕ್ಕೆ ಸಂಬಳ ತೆಗೆದುಕೊಳ್ಳುವವಳು. ನೀರು ಕೊಟ್ಟ ಕೈ ಮರುಗಳಿಗೆ "ಕೂತುಕೊಳ್ಳಿ" ಅಂತ ಬೆರಳು ತೋರಿದರೆ ಗಂಡಸಿಗೆ ರೇಗುತ್ತದೆ. ತಪ್ಪು ಜನರದು ಮಾತ್ರ ಅಲ್ಲ. ಕಂಪನಿಗಳೂ ಹಾಗೆಯೇ ತೋರಿಸಿಕೊಂಡು ಬಂದಿವೆ. 1930ರಲ್ಲಿ ಅಮೆರಿಕದಲ್ಲಿ ಮೊದಲ ಗಗನಸಖಿಯಾದ ಎಲೆನ್ ಚರ್ಚ್ ವೃತ್ತಿಯಲ್ಲಿ ನರ್ಸ್. ಜೀವ ನೋಡಿಕೊಳ್ಳಲಿ ಅಂತ ಇಟ್ಟುಕೊಂಡವರನ್ನು ಬರಬರುತ್ತಾ ಜಾಹೀರಾತಿನ ಬೊಂಬೆ ಮಾಡಿದರು. ನಮ್ಮ ಏರ್ ಇಂಡಿಯಾದಲ್ಲೇ ಒಂದು ಕಾಲಕ್ಕೆ ಎಂಥ ನಿಯಮ ಇತ್ತು ಗೊತ್ತೇ? ಗಗನಸಖಿಗೆ 35 ವರ್ಷ ಆದರೆ ಮನೆಗೆ, ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆ ಆದರೆ ಮನೆಗೆ, ಮೊದಲ ಬಸಿರಾದರೆ ಮನೆಗೆ. ನರ್ಗೀಶ್ ಮಿರ್ಜಾ ಎಂಬಾಕೆಯ ಹೆಸರಿನ ಮೊಕದ್ದಮೆಯಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು ಬಸಿರಿನ ಕಲಮನ್ನು ಹೊಡೆದು ಹಾಕಿತು. ಮದುವೆಯ ಕಲಮನ್ನು ಹಾಗೇ ಬಿಟ್ಟಿತು, ಅದು ಬೇರೆ ಮಾತು.

ಬೊಂಬೆ ಅಂದುಕೊಂಡವರು ನೀರಜಾ ಭನೋಟ್ ಹೆಸರು ನೆನೆಯಲಿ. 1986ರ ಸೆಪ್ಟೆಂಬರ್ 5ರಂದು ಮುಂಬಯಿಯಿಂದ ಹೊರಟ ಪ್ಯಾನ್ ಆಮ್ ವಿಮಾನವನ್ನು ಕರಾಚಿಯಲ್ಲಿ ಉಗ್ರರು ಹಿಡಿದಾಗ, ಬಾಗಿಲು ತೆರೆದು ಜನರನ್ನು ಹೊರಗೆ ಕಳಿಸಿ ತಾನು ಗುಂಡಿಗೆ ಬಿದ್ದಾಕೆ. ಇಪ್ಪತ್ತಮೂರು ತುಂಬಲು ಎರಡು ದಿನ ಇತ್ತು. ಸರ್ಕಾರ ಅಶೋಕ ಚಕ್ರ ಕೊಟ್ಟಿತು.

2022ರ ಡಿಸೆಂಬರಿನಲ್ಲಿ ಇಸ್ತಾನ್‌ಬುಲ್‌ನಿಂದ ದಿಲ್ಲಿಗೆ ಬರುತ್ತಿದ್ದ ಇಂಡಿಗೋ ವಿಮಾನದಲ್ಲಿ ಊಟದ ವಿಚಾರಕ್ಕೆ ಜಗಳ ಹತ್ತಿ, ತಾನು ಕಂಪನಿಯ ನೌಕರಳು, ನಿಮ್ಮ ಆಳಲ್ಲ ಎಂದು ಒಬ್ಬ ಗಗನಸಖಿ ಪ್ರಯಾಣಿಕನಿಗೆ ಎದುರು ಹೇಳಿದ್ದು ಮೊಬೈಲಿನಲ್ಲಿ ದೇಶವೆಲ್ಲ ಸುತ್ತಿತು. ಒಂದು ಕಡೆ ಸೊಕ್ಕು ಅಂದರು, ಒಂದು ಕಡೆ ಭೇಷ್ ಅಂದರು. ಈ ವರದಿಗಾರನ ಮಟ್ಟಿಗೆ, ಅದು ಎಂದೋ ಹೇಳಬೇಕಾಗಿದ್ದ ಮಾತು.

ದೊಡ್ಡವರ ಕಥೆಯೂ ಉಂಟು. 2017ರ ಮಾರ್ಚ್ 23ರಂದು ಶಿವಸೇನೆಯ ಸಂಸದ ರವೀಂದ್ರ ಗಾಯಕ್‌ವಾಡ್, ಮೇಲ್ದರ್ಜೆ ಸೀಟು ಇಲ್ಲದ ವಿಮಾನದಲ್ಲಿ ಕೂರಿಸಿದರು ಎಂದು ದಿಲ್ಲಿಯಲ್ಲಿ ಇಳಿದ ಮೇಲೆ ಏರ್ ಇಂಡಿಯಾ ನೌಕರನಿಗೆ ಚಪ್ಪಲಿಯಲ್ಲಿ ಹೊಡೆದರು. ಹೊಡೆದದ್ದನ್ನು ಟಿ.ವಿ. ಮುಂದೆ ತಾವೇ ಹೇಳಿಕೊಂಡರು. ವಿಮಾನ ಕಂಪನಿಗಳೆಲ್ಲ ಒಟ್ಟಾಗಿ ಇವರಿಗೆ ಟಿಕೆಟ್ಟೇ ಇಲ್ಲ ಅಂದವು. ಎರಡು ವಾರ ರೈಲು, ಕಾರು ಅಂತ ಓಡಾಡಿ, ವಿಷಾದ ಪತ್ರ ಬರೆದ ಮೇಲೆ ನಿಷೇಧ ತೆಗೆದರು. ನಮ್ಮ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರ ಪ್ರಕರಣ ಬೇರೆ ಜಾತಿಯದು. 2022ರ ಡಿಸೆಂಬರ್ 10ರಂದು ಚೆನ್ನೈನಲ್ಲಿ ತಿರುಚಿರಾಪಳ್ಳಿ ವಿಮಾನ ಇನ್ನೂ ನೆಲದಲ್ಲಿದ್ದಾಗಲೇ ಎಮರ್ಜೆನ್ಸಿ ಬಾಗಿಲು ತೆರೆದುಕೊಂಡಿತು. ಕೈತಪ್ಪಿನಿಂದ ಆದದ್ದು, ಕ್ಷಮೆ ಕೇಳಿದ್ದಾರೆ ಎಂದು ಆಗಿನ ವಿಮಾನಯಾನ ಮಂತ್ರಿಗಳೇ ಹೇಳಿದರು. ತಪಾಸಣೆ ಮುಗಿಸಿ ವಿಮಾನ ತಡವಾಗಿ ಹೊರಟಿತು. ಓದಿದ ಸಂಸದರ ಕೈಯೇ ತಪ್ಪುವ ಬಾಗಿಲ ಪಕ್ಕ, ಮಾತು ತಿಳಿಯದ ನಮ್ಮ ಹಿರಿಯರನ್ನು ಕೂರಿಸಬೇಕಿತ್ತೇ ಅಂತ ಕಂಡಕ್ಟ್ರು ಕೇಳಿದ ಪ್ರಶ್ನೆಗೆ ಟೀ ಅಂಗಡಿಯ ವಿರೋಧ ಪಕ್ಷ ಸ್ವಲ್ಪ ಮೆತ್ತಗಾಯಿತು.

ಕಾನೂನು ಏನನ್ನುತ್ತೆ

ಗಾಯಕ್‌ವಾಡ್ ಗಲಾಟೆ ಆದ ವರ್ಷವೇ, 2017ರಲ್ಲಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಗಲಾಟೆ ಪ್ರಯಾಣಿಕರ ಬಗ್ಗೆ ಹೊಸ ನಿಯಮ ತಂದಿತು. ಬಾಯಿಮಾತಿನ ಗಲಾಟೆ, ಕುಡಿದು ರಂಪ ಮಾಡಿದರೆ 3 ತಿಂಗಳವರೆಗೆ ವಿಮಾನ ಹತ್ತುವಂತಿಲ್ಲ. ತಳ್ಳಿದರೆ, ಹೊಡೆದರೆ, ಮೈಮುಟ್ಟಿದರೆ 6 ತಿಂಗಳವರೆಗೆ. ಜೀವಕ್ಕೆ ಅಪಾಯ ತಂದರೆ, ಪೈಲಟ್ ಕೋಣೆಗೆ ನುಗ್ಗಲು ಹೋದರೆ ಕನಿಷ್ಠ 2 ವರ್ಷ. ದೂರು ಕೊಡುವವರು ಪೈಲಟ್. ತೀರ್ಮಾನಿಸುವುದು ನಿವೃತ್ತ ಜಿಲ್ಲಾ ನ್ಯಾಯಾಧೀಶರ ಸಮಿತಿ, 30 ದಿನದೊಳಗೆ. ಒಪ್ಪಿಗೆ ಇಲ್ಲದವನು 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಇದು ಗೊತ್ತಿರಲಿ: ಪ್ರಯಾಣಿಕನಿಗೂ ಬಾಯಿ ಇದೆ, ಆದರೆ ಅದನ್ನು ಬಿಡಬೇಕಾದದ್ದು ಕೆಳಗಿಳಿದ ಮೇಲೆ.

ಮೇಲೆ ಇರುವಾಗ ಪೈಲಟ್ಟೇ ಅಮಲ್ದಾರ. 1963ರ ಟೋಕಿಯೋ ಒಪ್ಪಂದದಂತೆ ವಿಮಾನದ ಮುಖ್ಯಸ್ಥ ಗಲಾಟೆಯವನನ್ನು ಕಟ್ಟಿಹಾಕಿಸಬಹುದು, ಸಿಕ್ಕಿದ ಊರಿನಲ್ಲಿ ಇಳಿಸಬಹುದು. ನಮ್ಮ ಪಾರ್ಲಿಮೆಂಟು 1975ರಲ್ಲಿ ಅದಕ್ಕೊಂದು ಕಾಯಿದೆಯನ್ನೇ ಮಾಡಿತು. "ಬಸ್ಸನ್ನ ಸೀದಾ ಟೇಷನ್‌ಗೆ ಬುಡಿ" ಅಂತ ನಮ್ಮ ಕಂಡಕ್ಟ್ರು ಹೇಳ್ತಾರಲ್ಲ, ಅದೇ ಮಾತು. ಮುಗಿಲಲ್ಲಿ ಟೇಷನ್ ಇಲ್ಲ, ಅಷ್ಟೇ ವ್ಯತ್ಯಾಸ.

ಕಂಡಕ್ಟ್ರ ಸಂಕಟವನ್ನೂ ಹೇಳಬೇಕು. ಅವರಿಗೂ ಕಾನೂನು ಉಂಟು. ಮೋಟಾರು ವಾಹನ ಕಾಯಿದೆಯ 178ನೇ ಕಲಮಿನಲ್ಲಿ ಟಿಕೆಟ್ ಇಲ್ಲದ ಪ್ರಯಾಣಿಕನಿಗೂ ದಂಡ, ಟಿಕೆಟ್ ಕೊಡದ ಕಂಡಕ್ಟರಿಗೂ ದಂಡ. 2021ರ ನವೆಂಬರಿನಲ್ಲಿ ಹೈಕೋರ್ಟಿನ ಆದೇಶದ ಮೇಲೆ ಕೆ.ಎಸ್.ಆರ್.ಟಿ.ಸಿ. ಬಸ್ಸಿನೊಳಗೆ ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕುವುದನ್ನು ನಿಷೇಧಿಸಿತು. ಹೇಳಿದರೂ ಕೇಳದಿದ್ದರೆ ಬಸ್ ನಿಲ್ಲಿಸಿ ಇಳಿಸಬಹುದು ಎಂದು ಸುತ್ತೋಲೆ. "ಇಳಿಸಿ ನೋಡಿ ಸಾರ್, ಮಾರನೇ ದಿನ ಅದೇ ಊರಿಗೆ ಅದೇ ಬಸ್ಸಲ್ಲಿ ನಾನು ಹೋಗ್ಬೇಕಲ್ಲ" ಅಂದರು ನಮ್ಮ ಕಂಡಕ್ಟ್ರು. ಗಗನಸಖಿಗೆ ಆ ಕಷ್ಟ ಇಲ್ಲ, ಇಂದು ಬೈದವನು ನಾಳೆ ಸಿಗುವುದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಫ್ರೀ. ಆದರೆ ಶೂನ್ಯ ಟಿಕೆಟ್ ಹರಿಯಲೇಬೇಕು, ಗುರುತಿನ ಚೀಟಿ ನೋಡಲೇಬೇಕು. ಆಧಾರ್ ಮನೇಲಿ ಬಿಟ್ಟು ಬಂದೆ ಅನ್ನುವ ಅಜ್ಜಿಗೂ, ಹತ್ತು ಜನರ ಹಿಂದೆ ಜಿನುಗುತ್ತಾ ಬರುವ ಕಂಡಕ್ಟರಿಗೂ ದಿನವೂ ಹರಟೆ. 2024ರ ಮಾರ್ಚಿನಲ್ಲಿ ನಮ್ಮದೇ ಬೆಂಗಳೂರು ಮೈಸೂರು ರಸ್ತೆಯ ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೂ ಫ್ರೀ, ಅವರ ಪಂಜರದಲ್ಲಿದ್ದ ನಾಲ್ಕು ಹಕ್ಕಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್! ಊರೆಲ್ಲ ನಕ್ಕಿತು. ಹರಿಯದೆ ಬಿಟ್ಟು ತಪಾಸಣೆಗೆ ಸಿಕ್ಕಿದ್ದರೆ ಕಂಡಕ್ಟರ್ ನಗುವ ಹಾಗಿರಲಿಲ್ಲ.

ನಗುವ ವಿಷಯ ಅಲ್ಲದ್ದು ಬೆಳಗಾವಿಯದು. 2025ರ ಫೆಬ್ರವರಿ 21ರಂದು ಸುಳೇಭಾವಿ ಕಡೆಯ ಬಸ್ಸಿನಲ್ಲಿ ಟಿಕೆಟ್ ಕೇಳಿದ ಕಂಡಕ್ಟರಿಗೆ ಮರಾಠಿ ಬರುವುದಿಲ್ಲ ಅಂದದ್ದಕ್ಕೆ ಗುಂಪು ಕಟ್ಟಿ ಹೊಡೆದರು ಎಂಬ ದೂರು. ಅದರ ಕಿಚ್ಚಿಗೆ ಎರಡು ರಾಜ್ಯಗಳ ನಡುವೆ ಕೆಲವು ದಿನ ಬಸ್ಸೇ ನಿಂತವು. ಮಾರ್ಚ್ 22ಕ್ಕೆ ಕರ್ನಾಟಕ ಬಂದ್ ಆಯಿತು. ಒಂದು ಟಿಕೆಟ್ಟು, ಒಂದು ಭಾಷೆ.

ಮಾತು ಬಂದದ್ದು ಇಲ್ಲಿಗೇ

ಭಾಷೆ. ಹಿರಿಯರ ಅಳಲಿನ ಬೇರು ಇಲ್ಲಿದೆ. ಸೀಟು ಬಿಡಿಸಿದ್ದು ಸರಿ ಎಂದು ಅವರೂ ಕೊನೆಗೆ ಒಪ್ಪಿದರು. "ಅದುನ್ನ ನನ್ನ ಬಾಯಲ್ಲಿ ಹೇಳಿದ್ರೆ ನಾನೇ ಎದ್ದೋಗ್ತಿದ್ದೆ" ಎಂಬುದು ಅವರ ವಾದ. ಇದಕ್ಕೆ ಕಂಡಕ್ಟ್ರ ಬಳಿಯೂ ಉತ್ತರ ಇರಲಿಲ್ಲ.

ಇದು ಇವರೊಬ್ಬರ ಪಾಡೂ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ವಿಜಯವಾಡದಿಂದ ಹೈದರಾಬಾದಿಗೆ ಹೊರಟ ಇಂಡಿಗೋ ವಿಮಾನದಲ್ಲಿ ತೆಲುಗು ಮಾತ್ರ ಬಲ್ಲ ಒಬ್ಬ ಹೆಂಗಸನ್ನು ಎಮರ್ಜೆನ್ಸಿ ಸಾಲಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿದರು. ಆಗ ತೆಲಂಗಾಣದ ಮಂತ್ರಿಯಾಗಿದ್ದ ಕೆ.ಟಿ. ರಾಮರಾವ್ ಬಹಿರಂಗವಾಗಿ ಆಕ್ಷೇಪ ಎತ್ತಿದರು. ತೆಲುಗು ನಾಡಿನಿಂದ ಹೊರಟು ತೆಲುಗು ನಾಡಿನಲ್ಲೇ ಇಳಿಯುವ ವಿಮಾನದಲ್ಲಿ ತೆಲುಗು ಬಲ್ಲ ಒಬ್ಬ ನೌಕರ ಇರಬಾರದೇ ಎಂಬುದು ಪ್ರಶ್ನೆ. ಬಾಗಿಲು ತೆರೆಯಬೇಕಾದವರಿಗೆ ಆಜ್ಞೆ ಅರ್ಥವಾಗಬೇಕು ಎಂಬ ನಿಯಮ ನೆಟ್ಟಗಿದೆ. ಆದರೆ ಆಜ್ಞೆ ಯಾವ ಭಾಷೆಯಲ್ಲಿ ಇರಬೇಕು ಎಂಬುದನ್ನು ತೀರ್ಮಾನಿಸುವವರು ಯಾರು? ಬೆಂಗಳೂರಿನಿಂದ ಹೊರಡುವ ವಿಮಾನದಲ್ಲಿ ಬೆಲ್ಟು ಹಾಕಿಕೊಳ್ಳಿ ಎಂಬ ಒಂದು ಮಾತು ಕನ್ನಡದಲ್ಲಿ ಬಂದರೆ ವಿಮಾನ ಭಾರವಾಗುತ್ತದೆಯೇ? ಜೀವ ಉಳಿಸುವ ಮಾತು ಅಂತ ಅವರೇ ಹೇಳುತ್ತಾರಲ್ಲ, ಹಾಗಿದ್ದರೆ ಅರ್ಥವಾಗುವ ಹಾಗೆ ಹೇಳಲಿ.

ಹಿಂದಿನಂತೆ ಸೂಟು ಬೂಟಿನವರು ಮಾತ್ರ ಹಾರುವ ಕಾಲ ಇದಲ್ಲ. ಹಳ್ಳಿಯವರನ್ನು ವಿಮಾನ ಹತ್ತಿಸಿದವರಲ್ಲಿ ಮೊದಲಿಗರು ನಮ್ಮ ಜಿಲ್ಲೆಯ ಮಣ್ಣಲ್ಲೇ ಹುಟ್ಟಿದವರು. ಕ್ಯಾಪ್ಟನ್ ಗೋಪಿನಾಥ್ ಹುಟ್ಟಿದ್ದು 1951ರಲ್ಲಿ ಮೇಲುಕೋಟೆಯಲ್ಲಿ. ಬೆಳೆದದ್ದು ಗೊರೂರಿನಲ್ಲಿ. ಸೈನ್ಯದಿಂದ ಬಂದು ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಒಂದು ರೂಪಾಯಿ ಟಿಕೆಟ್ ಅಂದಾಗ ಜನ ನಂಬಲಿಲ್ಲ. ಆ ವಿಮಾನದಲ್ಲಿ ಪುಕ್ಕಟೆ ಊಟ ಇಲ್ಲ, ಸೀಟಿಗೆ ನಂಬರೂ ಇರಲಿಲ್ಲ. ಮೊದಲು ಹತ್ತಿದವರಿಗೆ ಮೊದಲ ಸೀಟು, ನಮ್ಮ ಬಸ್ಸಿನ ಹಾಗೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದೊಂದು ಬಾಕಿ ಇತ್ತು. ಕಂಪನಿ ಕೆಲವೇ ವರ್ಷದಲ್ಲಿ ಕಿಂಗ್‌ಫಿಷರ್ ಪಾಲಾಯಿತು. ಆದರೆ ಹತ್ತಿದ ಜನ ಮತ್ತೆ ಇಳಿಯಲಿಲ್ಲ. ಟಿಕೆಟ್ಟು ಅಗ್ಗವಾದಷ್ಟು ಮಾತು ಸುಲಭವಾಗಲಿಲ್ಲ, ತೊಡಕು ಅಲ್ಲಿದೆ.

ಜನರ ನಂಬಿಕೆಗೆ ನಿಯಮ ಬಗ್ಗಿದ್ದೂ ಉಂಟು. ಇರುಮುಡಿಯ ತೆಂಗಿನಕಾಯಿ ವಿಮಾನದೊಳಗೆ ಒಯ್ಯುವಂತಿರಲಿಲ್ಲ. ಅಯ್ಯಪ್ಪ ಭಕ್ತರು ಕೇಳಿ ಕೇಳಿ, 2022ರ ಕೊನೆಗೆ ಮಕರ ಸಂಕ್ರಾಂತಿ ಕಳೆಯುವವರೆಗೆ ಅಂತ ಬಿಟ್ಟರು. 2024ರಲ್ಲಿ ಮತ್ತೆ ಬಿಟ್ಟರು. ಕೊಬ್ಬರಿ ಮಾತ್ರ ಇಲ್ಲ, ಎಣ್ಣೆ ಇರುವ ವಸ್ತು, ಬೆಂಕಿ ಹಿಡಿಯುತ್ತದೆ ಎಂದು ತಡೆಯುತ್ತಾರೆ. ನಾಗಮಂಗಲದ ಕಡೆಯವರು ಮಗಳ ಮನೆಗೆ ಕೊಬ್ಬರಿ ಒಯ್ಯುವಾಗ ನೆನಪಿಡಿ. ಕೇಳಿದರೆ ಬಗ್ಗುವ ನಿಯಮ ಕಾಯಿಗೆ ಉಂಟು, ಕನ್ನಡಕ್ಕೆ ಇಲ್ಲ ಅಂದರೆ ಹೇಗೆ?

ಇಷ್ಟು ಬರೆಯುವವನೇನು ಸಾಚಾ ಅಲ್ಲ. ಒಂದೇ ಸಲ ವಿಮಾನ ಹತ್ತಿದ್ದು, ಸಣ್ಣ ಪಂಕದ ವಿಮಾನ. ಮುಂದಿನ ನಾಲ್ಕು ಸಾಲು ಖಾಲಿ ಇದ್ದದ್ದು ನೋಡಿ ಹೋಗಿ ಕೂತೆ. ಹುಡುಗಿ ಬಂದು ನಿಮ್ಮ ಸೀಟಿಗೇ ಹೋಗಿ ಅಂದಳು. ಖಾಲಿ ಇದೆಯಲ್ಲ, ನಿಮ್ಮ ಗಂಟೇನು ಹೋಗುತ್ತೆ ಅಂತ ಪಿಯುಸಿ ಅರ್ಧಕ್ಕೆ ಬಿಟ್ಟವನ ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತೆ. ಆ ಇಂಗ್ಲಿಷಿಗೆ ಹಿಂದಿನ ಸೀಟಿನ ಇಬ್ಬರು ನಕ್ಕರು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಆಮೇಲೆ ಪಕ್ಕದವರು ಹೇಳಿದರು: ಸಣ್ಣ ವಿಮಾನದಲ್ಲಿ ಮುಂದೆ ಎಷ್ಟು ಜನ, ಹಿಂದೆ ಎಷ್ಟು ಜನ ಅಂತ ತೂಕದ ಲೆಕ್ಕ ಹಾಕಿಯೇ ಹಾರಿಸುವುದು, ಏರುವಾಗ ಇಳಿಯುವಾಗ ಸೀಟು ಬದಲಾಯಿಸಬಾರದು ಅಂತ. ಎತ್ತಿನ ಗಾಡಿಯಲ್ಲಿ ಮುಂಭಾರ ಹಿಂಭಾರ ನೋಡಿ ಹುಲ್ಲು ಹೇರುವ ಮನೆಯಲ್ಲಿ ಹುಟ್ಟಿದವನಿಗೆ ಇದು ಹೊಳೆಯಲಿಲ್ಲ. ಇಳಿಯುವಾಗ ಆ ಹುಡುಗಿ ಎಲ್ಲರಿಗೂ ಕೈಮುಗಿದಂತೆ ನನಗೂ ಮುಗಿದಳು. ಮುಖ ಎತ್ತಿ ನೋಡಲಾಗಲಿಲ್ಲ.

ಬಸ್ಸು ಬಂತು. ಜನ ಎದ್ದರು. ಕಂಡಕ್ಟ್ರು ಹಿರಿಯರ ಚೀಲ ಹಿಡಿದುಕೊಂಡು ಹತ್ತಿಸಲು ಹೋದರು. ಹಿರಿಯರು ಚೀಲ ಬಿಡಲಿಲ್ಲ. ಆದರೆ ಹತ್ತುವ ಮೊದಲು ಈ ವರದಿಗಾರನನ್ನು ಪಕ್ಕಕ್ಕೆ ಕರೆದರು. ಚೌತಿ ಕಳೆದ ಮೇಲೆ ಮತ್ತೆ ದಿಲ್ಲಿಗೆ ಹೋಗಬೇಕಂತೆ, ಮಗಳು ಕರೆದಿದ್ದಾಳೆ. "ಒಂದು ಚೀಟಿ ಬರ್ಕೊಡಪ್ಪ ಇಂಗ್ಲೀಷಲ್ಲಿ. ನನಗೆ ಕನ್ನಡ ಮಾತ್ರ ಬರೋದು, ಮಂಡಿನೋವು ಐತೆ, ಬಾಗ್ಲು ತಾವು ಕೂರುಸ್ಬೇಡಿ ಅಂತ. ಚೀಲದಲ್ಲಿ ಮಾತ್ರೆ ಐತೆ ಅಂತ್ಲೂ ಬರಿ."

ಟೀ ಅಂಗಡಿಯ ಬಿಲ್ಲಿನ ಹಿಂದೆ ಬರೆದುಕೊಟ್ಟೆ. ಮಂಡಿಗೆ ಇಂಗ್ಲಿಷಿನಲ್ಲಿ ಕಾಗುಣಿತ ಸರಿ ಇದೆಯೇ ಅಂತ ಅನುಮಾನ ಬಂದು ಪಕ್ಕದ ಮೆಡಿಕಲ್ ಸ್ಟೋರಿನ ಹುಡುಗನಿಗೆ ತೋರಿಸಿದೆ. ಅವನು ಒಂದು ಅಕ್ಷರ ತಿದ್ದಿದ. ಅಷ್ಟರಲ್ಲಿ ಕಂಡಕ್ಟ್ರು ಡಬ್ಬಲ್ ಬೆಲ್ ಹೊಡೆಯಲು ಬಿಡದೆ ಬಸ್ಸನ್ನು ಹಿಡಿದು ನಿಲ್ಲಿಸಿದ್ದರು. ಹಿರಿಯರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟುಕೊಂಡು ಹತ್ತಿದರು.